ಹಲವು ಕೊಠಡಿಗಳ ಒಂದು ಪ್ರಸಾರ: ನೇರ ದೃಶ್ಯಪ್ರಸಾರದ ಜೋಡಣೆಯನ್ನೂ ಅದರ ದಾಖಲೆಯನ್ನೂ ಕುರಿತು

ಕಾಲೇಜಿನ ವಿಚಾರಸಂಕಿರಣವೊಂದು ಒಂದೇ ಸಭಾಂಗಣದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುವುದು ಈಗ ಅಪರೂಪ. ಪ್ರಧಾನ ಉಪನ್ಯಾಸವು ದೊಡ್ಡ ಸಭಾಂಗಣದಲ್ಲಿ ನಡೆಯುತ್ತದೆ. ಪ್ರಬಂಧಗಳ ವಾಚನ ಏಕಕಾಲದಲ್ಲಿ ಎರಡು ತರಗತಿಗಳಲ್ಲಿ ಸಾಗುತ್ತದೆ. ಸ್ಥಳ ದೊರೆಯದ ವಿದ್ಯಾರ್ಥಿಗಳನ್ನು ವಾಚನಾಲಯದಲ್ಲಿ ಒಂದು ಪರದೆಯ ಮುಂದೆ ಕುಳ್ಳಿರಿಸುತ್ತಾರೆ. ಇದಿಷ್ಟನ್ನೂ ಊರಾಚೆಯವರಿಗೆ ಅಂತರ್ಜಾಲದ ಮೂಲಕ ಒಂದೇ ಪ್ರಸಾರವಾಗಿ ತೋರಿಸಬೇಕೆಂಬುದು ೨೦೨೦ರ ಸಾಂಕ್ರಾಮಿಕದ ತರುವಾಯ ಬಹುಮಟ್ಟಿಗೆ ವಾಡಿಕೆಯಾಗಿದೆ. ಈ ಹೊಣೆ ಸಾಮಾನ್ಯವಾಗಿ ವಿಭಾಗದ ಕಿರಿಯ ಅಧ್ಯಾಪಕರೊಬ್ಬರ ಮೇಲೆ, ಇಲ್ಲವೆ ಗಣಕಯಂತ್ರದಲ್ಲಿ ಕೈ ಪಳಗಿದ ಇಬ್ಬರು ವಿದ್ಯಾರ್ಥಿಗಳ ಮೇಲೆ ಬೀಳುತ್ತದೆ. ಅವರು ಹೇಗೋ ನಿರ್ವಹಿಸುತ್ತಾರೆ. ವಂದನಾರ್ಪಣೆಯಲ್ಲಿ ಅವರ ಹೆಸರು ಕೊನೆಗೆ ಬರುತ್ತದೆ. ಕೆಲವೊಮ್ಮೆ ಬರುವುದೂ ಇಲ್ಲ.

ಇತಿಹಾಸದ ಅಧ್ಯಾಪಕನಿಗೆ ತಂತಿ, ಕ್ಯಾಮೆರಾಗಳ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಹಲವು ಕೊಠಡಿಗಳ ಚಿತ್ರವನ್ನು ಒಂದಾಗಿ ಹೆಣೆಯುವವನು, ತಿಳಿದೋ ತಿಳಿಯದೆಯೋ, ಗ್ರಂಥಸಂಪಾದಕನ ಕೆಲಸವನ್ನೇ ಮಾಡುತ್ತಿರುತ್ತಾನೆ. ಯಾವ ಕ್ಷಣದಲ್ಲಿ ಯಾವ ಕೊಠಡಿಯು ‘ಸಭೆ’ ಎನಿಸಿಕೊಳ್ಳಬೇಕೆಂಬುದನ್ನು ಅವನ ಬೆರಳು ಗೊತ್ತುಮಾಡುತ್ತದೆ. ಅವನು ಬಿಟ್ಟ ಪಾಠಗಳು ಬೇರೆಲ್ಲಿಯೂ ಉಳಿಯದಿದ್ದರೆ, ಮುಂದೆ ಆ ಸಭೆಯನ್ನು ಅಭ್ಯಸಿಸುವವನಿಗೆ ಅವು ನಡೆಯಲೇ ಇಲ್ಲ ಎಂಬಂತಾಗುತ್ತದೆ. ಆದುದರಿಂದ ಈ ಜೋಡಣೆ ಹೇಗೆ ನಡೆಯುತ್ತದೆಂಬುದನ್ನೂ, ಅದರಲ್ಲಿ ಏನು ನಷ್ಟವಾಗುತ್ತದೆಂಬುದನ್ನೂ ಒಟ್ಟಿಗೇ ವಿವರಿಸುವುದು ಯುಕ್ತವೆಂದು ತೋರುತ್ತದೆ.

೧

ವಿವರಣೆಯ ಸೌಕರ್ಯಕ್ಕಾಗಿ ಮೇಲೆ ಹೇಳಿದ ನಾಲ್ಕು ಕೊಠಡಿಗಳುಳ್ಳ ಒಂದು ಕಟ್ಟಡವನ್ನೇ ಕಲ್ಪಿಸಿಕೊಳ್ಳೋಣ. ಪ್ರತಿಯೊಂದರಲ್ಲಿಯೂ ಒಂದು ಕ್ಯಾಮೆರಾ, ಒಂದೆರಡು ಮೈಕುಗಳು, ಒಂದು ಪರದೆ, ಒಂದು ಧ್ವನಿವರ್ಧಕ ಇವೆ. ಐದನೆಯದಾಗಿ ಒಂದು ಸಣ್ಣ ನಿಯಂತ್ರಣ ಕೊಠಡಿ ಬೇಕು. ಸಭಾಂಗಣದ ಹಿಂದಿನ ಮೇಜೂ ಆದೀತು, ಆದರೆ ಬಾಗಿಲು ಮುಚ್ಚಬಹುದಾದ ಕೊಠಡಿ ಮೇಲು. ಅಲ್ಲಿ ನಡೆಯತಕ್ಕ ಕಾರ್ಯಗಳು ನಾಲ್ಕು: ಕೊಠಡಿಗಳಿಂದ ಚಿತ್ರವನ್ನೂ ಧ್ವನಿಯನ್ನೂ ತರುವುದು, ಅವುಗಳನ್ನು ಕೂಡಿಸುವುದು, ಕೂಡಿಸಿದ್ದನ್ನು ಹೊರಗೆ ಕಳುಹಿಸುವುದು, ಮತ್ತು ಕೊಠಡಿಗಳಿಗೆ ಪರಸ್ಪರರ ಧ್ವನಿಯನ್ನು ಹಿಂದಿರುಗಿಸುವುದು. ಮೊದಲ ಮೂರನ್ನು ಎಲ್ಲರೂ ನೆನೆಯುತ್ತಾರೆ. ನಾಲ್ಕನೆಯದನ್ನು ಸಭೆಯ ದಿನ ಬೆಳಗ್ಗೆ ನೆನೆಯುತ್ತಾರೆ.

ತರುವ ಮಾರ್ಗವು ದೂರವನ್ನು ಅವಲಂಬಿಸಿದೆ. ಮನೆಯ ದೂರದರ್ಶನಕ್ಕೆ ಜೋಡಿಸುವ ಎಚ್.ಡಿ.ಎಂ.ಐ. ಕೇಬಲ್ಲು ಹತ್ತು ಹದಿನೈದು ಮೀಟರು ಮೀರಿದರೆ ನಂಬಲರ್ಹವಲ್ಲ. ದೂರದರ್ಶನ ಕೇಂದ್ರಗಳಲ್ಲಿ ಬಳಸುವ ಎಸ್.ಡಿ.ಐ. ಕೇಬಲ್ಲು ಸುಮಾರು ನೂರು ಮೀಟರುಗಳವರೆಗೆ ಒಯ್ಯುತ್ತದೆ; ಅದಕ್ಕೆ ತಕ್ಕ ಕ್ಯಾಮೆರಾ ಕಾಲೇಜುಗಳಲ್ಲಿ ವಿರಳ. ಗಣಕಯಂತ್ರಗಳನ್ನು ಕೂಡಿಸುವ ಈಥರ್ನೆಟ್ ತಂತಿಯೂ ಒಂದು ಎಳೆಗೆ ನೂರು ಮೀಟರು ಒಯ್ಯುವುದಲ್ಲದೆ, ಬಹುಪಾಲು ಕಟ್ಟಡಗಳಲ್ಲಿ ಅದು ಈಗಾಗಲೆ ಗೋಡೆಯೊಳಗೆ ಇರುತ್ತದೆ. ಕೊಠಡಿಗೊಂದು ಗಣಕಯಂತ್ರವನ್ನಿಟ್ಟು, ಕ್ಯಾಮೆರಾದ ಚಿತ್ರವನ್ನು ಅದರಲ್ಲಿ ಅಡಕಗೊಳಿಸಿ ಈ ತಂತಿಯ ಮೂಲಕ ನಿಯಂತ್ರಣ ಕೊಠಡಿಗೆ ಕಳುಹಿಸುವುದೇ ನಮ್ಮ ಸ್ಥಿತಿಗೆ ಒಪ್ಪುವ ಮಾರ್ಗ. ೨೦೧೫ರಲ್ಲಿ ಬಳಕೆಗೆ ಬಂದ ಎನ್.ಡಿ.ಐ. ಎಂಬ ಕ್ರಮವು ಕಟ್ಟಡದೊಳಗಿನ ಜಾಲಕ್ಕೆ ಹೊಂದುತ್ತದೆ. ೨೦೧೭ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಎಸ್.ಆರ್.ಟಿ. ಎಂಬುದು ಬೇರೆ ಊರಿನ ಕೊಠಡಿಯನ್ನು ಅಂತರ್ಜಾಲದ ಮೂಲಕ ತರಲು ಹೊಂದುತ್ತದೆ, ಏಕೆಂದರೆ ದಾರಿಯಲ್ಲಿ ಕಳೆದುಹೋದ ತುಣುಕುಗಳನ್ನು ಅದು ಮತ್ತೆ ಕೇಳಿ ಪಡೆಯುತ್ತದೆ. ತಂತಿಯಿಲ್ಲದ ವೈ-ಫೈಯನ್ನು ಈ ಕೆಲಸಕ್ಕೆ ನೆಚ್ಚಬಾರದು. ಹಿಂದಿನ ಸಂಜೆ ಖಾಲಿ ಸಭಾಂಗಣದಲ್ಲಿ ಅದು ನಿರ್ದೋಷವಾಗಿರುತ್ತದೆ. ಮರುದಿನ ಇನ್ನೂರು ಜನ ತಮ್ಮ ತಮ್ಮ ಮೊಬೈಲು ಸಮೇತ ಬಂದು ಕುಳಿತಾಗ ಅದೇ ಗಾಳಿಯ ಹಾದಿಗೆ ಇನ್ನೂರು ಪಾಲುದಾರರಾಗುತ್ತಾರೆ.

ಕೂಡಿಸುವ ಕಾರ್ಯಕ್ಕೆ ೨೦೧೨ರಿಂದ ಉಚಿತವಾಗಿ ದೊರೆಯುತ್ತಿರುವ ಓ.ಬಿ.ಎಸ್. ಎಂಬ ತಂತ್ರಾಂಶ ಸಾಕು. ಅದರಲ್ಲಿ ‘ದೃಶ್ಯ’ಗಳನ್ನು ಮೊದಲೇ ರಚಿಸಿಟ್ಟುಕೊಳ್ಳಬಹುದು: ಸಭಾಂಗಣ ಮಾತ್ರ, ತರಗತಿ ಮಾತ್ರ, ಸಭಾಂಗಣ ದೊಡ್ಡದಾಗಿ, ವಾಚನಾಲಯ ಮೂಲೆಯಲ್ಲಿ ಚಿಕ್ಕದಾಗಿ, ನಾಲ್ಕೂ ಸಮಭಾಗವಾಗಿ. ಪ್ರಸಾರದ ವೇಳೆ ಒಂದರಿಂದ ಮತ್ತೊಂದಕ್ಕೆ ಬದಲಿಸುವುದಷ್ಟೆ ಕೆಲಸ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನದ್ದಾದ್ದರಿಂದ ಎಲ್ಲ ಕ್ಯಾಮೆರಾಗಳನ್ನೂ ಸೆಕೆಂಡಿಗೆ ೨೫ ಅಥವಾ ೫೦ ಚಿತ್ರಗಳಿಗೆ ಹೊಂದಿಸತಕ್ಕದ್ದು. ೩೦ಕ್ಕೋ ೬೦ಕ್ಕೋ ಬಿಟ್ಟರೆ ಕೆಲವು ಬಗೆಯ ದೀಪಗಳ ಕೆಳಗೆ ಗೋಡೆಗಳು ಮಿಡಿಯುವಂತೆ ಕಾಣುತ್ತವೆ.

ಕಳುಹಿಸುವ ವಿಷಯದಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಓದಲು ಯೋಗ್ಯವಾದ ಚಿತ್ರಕ್ಕೆ ಸೆಕೆಂಡಿಗೆ ಸುಮಾರು ೪ ಮೆಗಾಬಿಟ್ ಎಂದಿಟ್ಟುಕೊಂಡರೆ, ನಾಲ್ಕು ಕೊಠಡಿಗಳು ಬೇರೆಬೇರೆಯಾಗಿ ಹೊರಗೆ ಕಳುಹಿಸಲು ೧೬ ಬೇಕು. ಕಟ್ಟಡದೊಳಗೇ ಕೂಡಿಸಿ ಒಂದಾಗಿ ಕಳುಹಿಸಿದರೆ ೪ ಸಾಕು. ಹೊರಹೋಗುವ ಮಾರ್ಗ ಕಿರಿದಾಗಿರುವ ಕಾಲೇಜು ಒಂದೇ ಪ್ರಸಾರವನ್ನು ಆರಿಸಿಕೊಳ್ಳುವುದಕ್ಕೆ ನಿಜವಾದ ಕಾರಣ ಇದು. ಅಂದರೆ ಸಂಪಾದನೆಯ ಅಧಿಕಾರವು ಒಬ್ಬನ ಕೈಗೆ ಬರುವುದು ಮಿತವ್ಯಯದ ಫಲವಾಗಿಯೇ ಹೊರತು ಯಾರ ದುರುದ್ದೇಶದಿಂದಲೂ ಅಲ್ಲ.

ವಿದ್ಯುತ್ತು ಹೋದಾಗ ಗಣಕಯಂತ್ರಗಳು ತಮ್ಮ ಬ್ಯಾಟರಿಯಿಂದ ಉಳಿಯುತ್ತವೆ, ಆದರೆ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ಚು ಮತ್ತು ಅಂತರ್ಜಾಲದ ರೂಟರು ಉಳಿಯುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯು.ಪಿ.ಎಸ್. ಒಂದೇ ಇದ್ದರೆ ಅದನ್ನು ಅವಕ್ಕೆ ಕೊಡಿ.

೨

ಚಿತ್ರಕ್ಕಿಂತ ಧ್ವನಿ ಕಠಿನ. ಚಿತ್ರ ಅರ್ಧ ನಿಮಿಷ ಸ್ತಬ್ಧವಾದರೂ ನೋಡುವವರು ಸಹಿಸುತ್ತಾರೆ. ಮಾತು ಎರಡು ಸಲ ಕೇಳಿಸಿದರೆ ಯಾರೂ ಸಹಿಸುವುದಿಲ್ಲ. ಹಲವು ಕೊಠಡಿಗಳನ್ನು ಕೂಡಿಸುವಾಗ ಉಂಟಾಗುವ ಬಹುತೇಕ ತೊಂದರೆಗಳ ಮೂಲ ಇಲ್ಲಿದೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಸಭಾಂಗಣದಲ್ಲಿ ಉಪನ್ಯಾಸಕರು ಮಾತನಾಡುತ್ತಾರೆ. ಆ ಧ್ವನಿ ವಾಚನಾಲಯದ ಧ್ವನಿವರ್ಧಕದಲ್ಲಿ ಹೊರಡುತ್ತದೆ. ವಾಚನಾಲಯದ ಮೈಕು, ವಿದ್ಯಾರ್ಥಿಗಳ ಪ್ರಶ್ನೆಗಾಗಿ ತೆರೆದಿರುವಂಥದು, ಅದನ್ನು ಹಿಡಿದು ನಿಯಂತ್ರಣ ಕೊಠಡಿಗೆ ಕಳುಹಿಸುತ್ತದೆ. ಅಲ್ಲಿಂದ ಅದು ಮತ್ತೆ ಸಭಾಂಗಣದ ಧ್ವನಿವರ್ಧಕಕ್ಕೆ ಬರುತ್ತದೆ. ಉಪನ್ಯಾಸಕರು ತಮ್ಮ ಮಾತನ್ನೇ ಅರೆಕ್ಷಣ ತಡವಾಗಿ ಕೇಳಿ ತಡವರಿಸುತ್ತಾರೆ. ಈ ಸುತ್ತಿನಲ್ಲಿ ಪ್ರತಿ ಬಾರಿಯೂ ಧ್ವನಿ ಕುಗ್ಗುತ್ತ ಹೋದರೆ ಪ್ರತಿಧ್ವನಿ. ಹಿಗ್ಗುತ್ತ ಹೋದರೆ ಸಭೆಯನ್ನೇ ಎಬ್ಬಿಸುವ ಊಳು.

ಇದಕ್ಕೆ ಪರಿಹಾರವನ್ನು ರೇಡಿಯೋ ಇಂಜಿನಿಯರುಗಳು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಅದರ ತತ್ತ್ವ ಸರಳ: ಯಾವ ಕೊಠಡಿಗೂ ಅದರ ಸ್ವಂತ ಧ್ವನಿಯನ್ನು ಹಿಂದಿರುಗಿಸಕೂಡದು. ಸಭಾಂಗಣಕ್ಕೆ ಹೋಗುವ ಮಿಶ್ರಣದಲ್ಲಿ ಉಳಿದ ಮೂರು ಕೊಠಡಿಗಳು ಇರಬೇಕು, ಸಭಾಂಗಣ ಇರಬಾರದು. ವಾಚನಾಲಯಕ್ಕೆ ಹೋಗುವುದರಲ್ಲಿ ವಾಚನಾಲಯ ಇರಬಾರದು. ಇದನ್ನು ‘ತನ್ನನ್ನು ಕಳೆದ ಮಿಶ್ರಣ’ ಎನ್ನಬಹುದು. ನಾಲ್ಕು ಕೊಠಡಿಗಳಿಗೆ ಇಂಥ ನಾಲ್ಕು ಮಿಶ್ರಣಗಳು, ಹೊರಗಿನ ಪ್ರಸಾರಕ್ಕೆ ಎಲ್ಲವನ್ನೂ ಒಳಗೊಂಡ ಐದನೆಯದು. ಹೀಗೆ ಐದು ಬೇರೆ ಮಿಶ್ರಣಗಳನ್ನು ಕೊಡಬಲ್ಲ ಧ್ವನಿಯಂತ್ರವನ್ನು ಬಾಡಿಗೆಗೆ ತರುವಾಗ, ಅದಕ್ಕೆ ಎಷ್ಟು ಮೈಕುಗಳನ್ನು ಜೋಡಿಸಬಹುದೆಂದು ಕೇಳುವುದರ ಜೊತೆಗೆ ಎಷ್ಟು ಪ್ರತ್ಯೇಕ ನಿರ್ಗಮಗಳುಂಟೆಂದೂ ಕೇಳಬೇಕು. ಅಂಗಡಿಯವನಿಗೆ ಎರಡನೆಯ ಪ್ರಶ್ನೆಯನ್ನು ಕೇಳುವ ಗಿರಾಕಿಗಳು ವಿರಳ.

ಇಷ್ಟಾದರೂ ಪರಿಹಾರ ಪೂರ್ಣವಲ್ಲ. ವಾಚನಾಲಯಕ್ಕೆ ಸಲ್ಲುವ ಸಭಾಂಗಣದ ಧ್ವನಿಯನ್ನು ವಾಚನಾಲಯದ ಮೈಕು ಹಿಡಿಯುವುದು ತಪ್ಪಲಿಲ್ಲವಷ್ಟೆ. ಆದಕಾರಣ ಮಾತಿಲ್ಲದ ಕೊಠಡಿಯ ಮೈಕನ್ನು ಮುಚ್ಚಿಟ್ಟು, ಯಾರಾದರೂ ಕೈ ಎತ್ತಿದಾಗ ತೆರೆಯುವ ಒಬ್ಬ ವಿದ್ಯಾರ್ಥಿ ಪ್ರತಿ ಕೊಠಡಿಯಲ್ಲಿಯೂ ಇರಬೇಕು. ದೂರಸಂಪರ್ಕ ತಂತ್ರಾಂಶಗಳಲ್ಲಿರುವ ಪ್ರತಿಧ್ವನಿ ನಿವಾರಣೆಯು ಸಣ್ಣ ಕೊಠಡಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಎತ್ತರದ ಛಾವಣಿಯ ಹಳೆಯ ಸಭಾಂಗಣದಲ್ಲಿ ಅದು ಸೋಲುವುದೇ ಹೆಚ್ಚು.

ಇನ್ನು ವಿಳಂಬದ ಮಾತು. ಎರಡು ಕೊಠಡಿಗಳ ನಡುವೆ ಸಂಭಾಷಣೆ ಸಹಜವಾಗಿ ನಡೆಯಬೇಕಾದರೆ ಒಂದು ಕಡೆಯ ಮಾತು ಇನ್ನೊಂದು ಕಡೆಗೆ ಸುಮಾರು ೧೫೦ ಮಿಲಿಸೆಕೆಂಡುಗಳೊಳಗೆ ತಲುಪಬೇಕೆಂಬುದು ದೂರವಾಣಿ ಜಾಲಗಳಿಗಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಹಾಕಿಕೊಟ್ಟ ಗೆರೆ. ತುಟಿಯ ಚಲನೆಗಿಂತ ಧ್ವನಿ ೪೫ ಮಿಲಿಸೆಕೆಂಡು ಮುಂದಾದರೆ ನೋಡುವವನಿಗೆ ಗೊತ್ತಾಗುತ್ತದೆ. ಹಿಂದಾದರೆ ೧೨೫ರವರೆಗೂ ಗೊತ್ತಾಗುವುದಿಲ್ಲವೆಂದು ಅದೇ ಒಕ್ಕೂಟದ ಮತ್ತೊಂದು ಶಿಫಾರಸು ಹೇಳುತ್ತದೆ. ದೂರದಲ್ಲಿ ಬಟ್ಟೆ ಒಗೆಯುವವರ ಕೈ ಇಳಿದ ಮೇಲೆ ಕಲ್ಲಿನ ಸದ್ದು ಬರುವುದನ್ನು ಕಂಡು ಬೆಳೆದ ನಮಗೆ ಈ ಅಸಮತೆ ಆಶ್ಚರ್ಯವನ್ನುಂಟುಮಾಡದು: ಪ್ರಕೃತಿಯಲ್ಲಿ ಧ್ವನಿ ಯಾವಾಗಲೂ ಬೆಳಕಿಗಿಂತ ಹಿಂದೆಯೇ. ಚಿತ್ರವನ್ನು ಅಡಕಗೊಳಿಸಿ ಬಿಡಿಸಲು ಧ್ವನಿಗಿಂತ ಹೆಚ್ಚು ಕಾಲ ಹಿಡಿಯುವುದರಿಂದ, ಮಿಶ್ರಣದಲ್ಲಿ ಧ್ವನಿಯನ್ನೇ ತುಸು ತಡೆದು ಕಳುಹಿಸಬೇಕಾಗುತ್ತದೆ. ಎಷ್ಟು ತಡೆಯಬೇಕೆಂಬುದನ್ನು ಕಂಡುಕೊಳ್ಳಲು ಕೊಠಡಿಯಲ್ಲಿ ಒಮ್ಮೆ ಕ್ಯಾಮೆರಾದ ಮುಂದೆ ಚಪ್ಪಾಳೆ ತಟ್ಟಿಸಿ ನೋಡಿದರಾಯಿತು.

ಆದರೆ ಯೂಟ್ಯೂಬಿನಂಥ ಸಾರ್ವಜನಿಕ ವಾಹಿನಿಗೆ ಹೋದ ಚಿತ್ರ ಮನೆಯಲ್ಲಿ ಕುಳಿತವರನ್ನು ತಲುಪಲು ಹಲವು ಸೆಕೆಂಡುಗಳು, ಕೆಲವೊಮ್ಮೆ ಇಪ್ಪತ್ತಕ್ಕೂ ಮಿಕ್ಕಿ ಸೆಕೆಂಡುಗಳು ಹಿಡಿಯುತ್ತವೆ. ಇದರಿಂದ ಹುಟ್ಟುವ ಒಂದು ಅನ್ಯಾಯವನ್ನು ಎತ್ತಿ ಹೇಳಬೇಕಾಗಿದೆ. ಸಭಾಂಗಣ ತುಂಬಿದ ಬಳಿಕ ಬಂದ ವಿದ್ಯಾರ್ಥಿಗಳನ್ನು ಇನ್ನೊಂದು ಕೊಠಡಿಯಲ್ಲಿ ಕೂರಿಸಿ, ಪರದೆಯ ಮೇಲೆ ಅದೇ ಸಾರ್ವಜನಿಕ ಪ್ರಸಾರವನ್ನು ತೆರೆದು ಕೊಡುವುದು ಸುಲಭವಾದ ಏರ್ಪಾಡು. ಅದಕ್ಕೆ ಪ್ರತ್ಯೇಕ ತಂತಿ ಬೇಡ. ನಾನು ಕಂಡ ಒಂದು ಸಂಕಿರಣದಲ್ಲಿ ಅಧ್ಯಕ್ಷರು “ಪ್ರಶ್ನೆಗಳಿದ್ದರೆ ಕೇಳಬಹುದು” ಎಂದು ಹೇಳಿ, ಹತ್ತು ಸೆಕೆಂಡು ಕಾದು, ಯಾರೂ ಇಲ್ಲವೆಂದು ಗೋಷ್ಠಿಯನ್ನು ಮುಗಿಸಿದರು. ಆ ಆಹ್ವಾನವು ಪಕ್ಕದ ಕೊಠಡಿಗೆ ತಲುಪುವ ಹೊತ್ತಿಗೆ ಇಲ್ಲಿ ಚಪ್ಪಾಳೆ ಬಿದ್ದಾಗಿತ್ತು. ಅಲ್ಲಿ ಕೈ ಎತ್ತಿದವರು ಇಬ್ಬರು. ಗೋಷ್ಠಿಯ ವರದಿಯಲ್ಲಿ ‘ಪ್ರಶ್ನೆಗಳಿರಲಿಲ್ಲ’ ಎಂದು ದಾಖಲಾಯಿತು. ಹಿಂದಿನ ಬೆಂಚಿನವರು ಪ್ರಶ್ನೆ ಕೇಳುವುದಿಲ್ಲವೆಂದು ಅಧ್ಯಾಪಕರು ದೂರುವುದುಂಟು. ಈ ಸಂದರ್ಭದಲ್ಲಿ ಹಿಂದಿನ ಬೆಂಚು ಇಪ್ಪತ್ತು ಸೆಕೆಂಡುಗಳ ದೂರದಲ್ಲಿತ್ತು. ಹೆಚ್ಚುವರಿ ಕೊಠಡಿಗೆ ಕಟ್ಟಡದೊಳಗಿನ ತಂತಿಯಿಂದಲೇ ನೇರವಾಗಿ ಚಿತ್ರ ಧ್ವನಿಗಳನ್ನು ಒದಗಿಸಬೇಕೆಂದೂ, ಅಲ್ಲಿ ಮೈಕು ಇರಲೇಬೇಕೆಂದೂ ನಾನು ಒತ್ತಿ ಹೇಳುವುದು ಈ ಕಾರಣದಿಂದ.

ಚಿತ್ರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಬಿಡಿಸಿ ಇಡಬಹುದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಹಳೆಯ ನಿದರ್ಶನವುಂಟು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ಅಮೆರಿಕದ ಎ.ಟಿ.ಎಸ್.-೬ ಉಪಗ್ರಹದಿಂದ ಕಾರ್ಯಕ್ರಮಗಳು ಬಂದುವು. ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದುವು. ಆ ವ್ಯವಸ್ಥೆಯಲ್ಲಿ ಒಂದು ಚಿತ್ರದೊಡನೆ ಎರಡು ಧ್ವನಿಗಳು ಬೇರೆಬೇರೆಯಾಗಿ ಸಾಗುತ್ತಿದ್ದುವು, ಎರಡು ಭಾಷೆಗಳಿಗಾಗಿ. ಕನ್ನಡ ಗೋಷ್ಠಿಯೂ ಇಂಗ್ಲಿಷ್ ಗೋಷ್ಠಿಯೂ ಏಕಕಾಲದಲ್ಲಿ ನಡೆಯುವ ನಮ್ಮ ಸಂಕಿರಣಗಳ ಏರ್ಪಾಡು ಮಾಡುವವರು ಇದನ್ನು ನೆನೆದರೆ ಒಳ್ಳೆಯದು. ಒಂದೇ ಪ್ರಸಾರವೆಂದಾಗ ಸಾಮಾನ್ಯವಾಗಿ ಮೂಲೆಯ ಚಿಕ್ಕ ಚೌಕಕ್ಕೆ ಸರಿಯುವುದು ಯಾವ ಭಾಷೆಯ ಕೊಠಡಿಯೆಂಬುದನ್ನು ಓದುಗರು ತಾವೇ ನೋಡಿರುತ್ತಾರೆ.

೩

ಈಗ ಆಯ್ಕೆಯ ಪ್ರಶ್ನೆಗೆ ಬರೋಣ. ಹಲವು ಎಡೆಗಳಿಂದ ಬಂದ ಚಿತ್ರಗಳಲ್ಲಿ ಒಂದನ್ನು ಆರಿಸಿ ಲೋಕಕ್ಕೆ ತೋರಿಸಿದ ಪ್ರಸಾರಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ೧೯೬೯ರ ಜುಲೈಯಲ್ಲಿ ಚಂದ್ರನಿಂದ ಬಂದದ್ದು. ಅಪೊಲೊ ೧೧ರ ಕ್ಯಾಮೆರಾ ಒಂದೇ. ಆದರೆ ಅದರ ಸಂಕೇತವನ್ನು ಭೂಮಿಯ ಮೇಲೆ ಮೂರು ನಿಲ್ದಾಣಗಳು ಏಕಕಾಲದಲ್ಲಿ ಹಿಡಿಯುತ್ತಿದ್ದುವು: ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನ್, ಆಸ್ಟ್ರೇಲಿಯದ ಹನಿಸಕಲ್ ಕ್ರೀಕ್ ಮತ್ತು ಪಾರ್ಕ್ಸ್. ಆಸ್ಟ್ರೇಲಿಯದ ಎರಡರಲ್ಲಿ ಉತ್ತಮವಾದುದನ್ನು ಸಿಡ್ನಿಯಲ್ಲಿ ಒಬ್ಬರು ಆರಿಸಿ ಕಳುಹಿಸುತ್ತಿದ್ದರು. ಅದಕ್ಕೂ ಗೋಲ್ಡ್‌ಸ್ಟೋನಿಗೂ ನಡುವೆ ಹ್ಯೂಸ್ಟನ್ನಿನಲ್ಲಿ ಮತ್ತೊಮ್ಮೆ ಆಯ್ಕೆ ನಡೆಯುತ್ತಿತ್ತು. ಮೊದಲು ಬಂದ ಗೋಲ್ಡ್‌ಸ್ಟೋನ್ ಚಿತ್ರ ತಲೆಕೆಳಗಾಗಿತ್ತು; ಸರಿಪಡಿಸಿದ ಮೇಲೂ ಕಪ್ಪು ಬಿಳುಪುಗಳ ಭೇದ ವಿಪರೀತವಾಗಿತ್ತು. ಆರ್ಮ್‌ಸ್ಟ್ರಾಂಗ್ ಅವರ ಕಾಲು ನೆಲವನ್ನು ಮುಟ್ಟಿದ ಕ್ಷಣವನ್ನು ಜಗತ್ತು ನೋಡಿದ್ದು ಹನಿಸಕಲ್ ಕ್ರೀಕಿನ ೨೬ ಮೀಟರಿನ ಆಂಟೆನಾದ ಮೂಲಕ. ಸುಮಾರು ಒಂಬತ್ತು ನಿಮಿಷಗಳ ಬಳಿಕ ಪಾರ್ಕ್ಸಿನ ೬೪ ಮೀಟರಿನ ಆಂಟೆನಾಕ್ಕೆ ಬದಲಿಸಿ, ಉಳಿದ ಎರಡು ಗಂಟೆಗಳಿಗೂ ಹೆಚ್ಚಿನ ಕಾಲ ಅಲ್ಲಿಯೇ ಉಳಿದರು.

ಈ ಕಥೆಯ ಉತ್ತರಾರ್ಧವೇ ನಮಗೆ ಮುಖ್ಯ. ಚಂದ್ರನ ಕ್ಯಾಮೆರಾ ಸೆಕೆಂಡಿಗೆ ೧೦ ಚಿತ್ರಗಳನ್ನು ೩೨೦ ಸಾಲುಗಳಲ್ಲಿ ಕಳುಹಿಸುತ್ತಿತ್ತು. ಮನೆಗಳ ದೂರದರ್ಶನಕ್ಕಾಗಿ ಅದನ್ನು ೫೨೫ ಸಾಲುಗಳ, ಸೆಕೆಂಡಿಗೆ ೩೦ ಚಿತ್ರಗಳ ಕ್ರಮಕ್ಕೆ ಪರಿವರ್ತಿಸಬೇಕಾಯಿತು. ಪರಿವರ್ತನೆಯೆಂದರೆ ಒಂದು ಪರದೆಯ ಮೇಲೆ ಮೂಡಿದ ಚಿತ್ರವನ್ನು ಮತ್ತೊಂದು ಕ್ಯಾಮೆರಾದಿಂದ ಹಿಡಿಯುವುದು. ಅದರಲ್ಲಿ ಸೂಕ್ಷ್ಮಗಳು ಅಳಿದುವು. ಪರಿವರ್ತಿಸುವ ಮುನ್ನಿನ ಮೂಲ ಸಂಕೇತವನ್ನು ನಿಲ್ದಾಣಗಳಲ್ಲಿ ಕಾಂತೀಯ ಸುರುಳಿಗಳ ಮೇಲೆ ದಾಖಲಿಸಿದ್ದರು. ದಶಕಗಳ ಅನಂತರ ಅವುಗಳಿಗಾಗಿ ಹುಡುಕಾಟ ನಡೆದು, ಸುರುಳಿಗಳನ್ನು ಅಳಿಸಿ ಬೇರೆ ಉಪಯೋಗಕ್ಕೆ ತೆಗೆದುಕೊಂಡಿರುವ ಸಂಭವವೇ ಹೆಚ್ಚೆಂದು ೨೦೦೯ರಲ್ಲಿ ನಾಸಾ ಸಂಸ್ಥೆ ಪ್ರಕಟಿಸಿತು. ಇಂದು ನಾವು ನೋಡುವ, ದೋಷಗಳನ್ನು ತಿದ್ದಿದ ಚಿತ್ರವು ದೂರದರ್ಶನ ಸಂಸ್ಥೆಗಳಲ್ಲಿ ಉಳಿದ ಪ್ರಸಾರದ ಪ್ರತಿಗಳಿಂದ ಸಿದ್ಧವಾದದ್ದು. ಮೂಲಪ್ರತಿ ನಷ್ಟವಾಗಿ ಪ್ರತಿಯ ಪ್ರತಿ ಮಾತ್ರ ಉಳಿದ ಸ್ಥಿತಿ ಓಲೆಗರಿಗಳ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆದರೆ ಅಲ್ಲಿ ಗೆದ್ದಲು, ಮಳೆ, ಶತಮಾನಗಳು ಕಾರಣ. ಇಲ್ಲಿ ಉಗ್ರಾಣದಲ್ಲಿ ಖಾಲಿ ಸುರುಳಿಗಳ ಅಭಾವ.

ಆಯ್ಕೆಯು ತಾಂತ್ರಿಕ ಕಾರಣಕ್ಕಾಗಿ ಮಾತ್ರ ನಡೆಯುವುದಿಲ್ಲವೆಂಬುದಕ್ಕೆ ಶಾಸನಸಭೆಗಳ ಪ್ರಸಾರ ಸಾಕ್ಷಿ. ಅಮೆರಿಕದ ಪ್ರತಿನಿಧಿ ಸಭೆಯ ಕಲಾಪ ೧೯೭೯ರಿಂದ ದೂರದರ್ಶನದಲ್ಲಿ ಬರತೊಡಗಿತು. ಕ್ಯಾಮೆರಾಗಳು ಸಭೆಯ ಅಧೀನದಲ್ಲಿದ್ದು, ಮಾತನಾಡುವ ಸದಸ್ಯನನ್ನಷ್ಟೇ ತೋರಿಸುತ್ತಿದ್ದುವು. ದಿನದ ಕಾರ್ಯ ಮುಗಿದ ಮೇಲೆ ಕೆಲವು ರಿಪಬ್ಲಿಕನ್ ಸದಸ್ಯರು ದೀರ್ಘ ಭಾಷಣಗಳಲ್ಲಿ ಎದುರು ಪಕ್ಷದವರಿಗೆ ಸವಾಲೆಸೆದು, ಉತ್ತರ ಬಾರದ್ದನ್ನು ನೋಡುಗರ ತೀರ್ಮಾನಕ್ಕೆ ಬಿಡುತ್ತಿದ್ದರು. ೧೯೮೪ರ ಮೇ ೧೦ರಂದು ಸಭಾಧ್ಯಕ್ಷ ಓನೀಲ್ ಅವರ ಆಜ್ಞೆಯಂತೆ ಕ್ಯಾಮೆರಾ ತಿರುಗಿ ಸಭಾಂಗಣವನ್ನೆಲ್ಲ ತೋರಿಸಿತು: ಆಸನಗಳು ಖಾಲಿ. ಅದೇ ಕೊಠಡಿ, ಅದೇ ಭಾಷಣ. ಕ್ಯಾಮೆರಾದ ಕೋನ ಬದಲಾದೊಡನೆ ಘಟನೆಯ ಅರ್ಥವೇ ಬದಲಾಯಿತು. ಎರಡು ಪಕ್ಷಗಳೂ ಇದನ್ನು ಕುರಿತು ಬಹಳ ಕಾಲ ಜಗಳವಾಡಿದುವು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ೧೯೮೯ರ ನವೆಂಬರ್ ೨೧ರಂದು ಕ್ಯಾಮೆರಾಗಳನ್ನು ಒಳಗೆ ಬಿಟ್ಟಾಗ ಮಾತನಾಡುವವರ ತಲೆ ಭುಜಗಳನ್ನು ಮಾತ್ರ ತೋರಿಸಬೇಕು, ಗದ್ದಲವಾದರೆ ಸಭಾಧ್ಯಕ್ಷರತ್ತ ತಿರುಗಿಸಬೇಕು ಎಂಬಂಥ ನಿಯಮಗಳನ್ನು ವಿಧಿಸಿತ್ತು. ಅವು ಮುಂದೆ ಸಡಿಲಗೊಂಡುವು. ಆ ಮೊದಲ ದಿನಗಳ ದಾಖಲೆಯನ್ನು ನೋಡಿ ಸಭೆ ಎಷ್ಟು ಶಾಂತವಾಗಿತ್ತೆಂದು ಯಾರಾದರೂ ತೀರ್ಮಾನಿಸಿದರೆ, ಅವರು ಸಭೆಯನ್ನಲ್ಲ, ನಿಯಮವನ್ನು ಓದಿದಂತಾಗುತ್ತದೆ.

ಕೂಡಿಸದೆಯೇ ಇರುವುದೂ ಒಂದು ಮಾರ್ಗ. ನಮ್ಮ ಉಚ್ಚ ನ್ಯಾಯಾಲಯ ಅದನ್ನು ಹಿಡಿದಿದೆ. ನ್ಯಾಯಾಲಯದ ಕಲಾಪದ ನೇರಪ್ರಸಾರವನ್ನು ಸರ್ವೋಚ್ಚ ನ್ಯಾಯಾಲಯವು ೨೦೧೮ರ ಸೆಪ್ಟೆಂಬರ್ ೨೬ರ ತೀರ್ಪಿನಲ್ಲಿ ತತ್ತ್ವತಃ ಒಪ್ಪಿತು. ಕರ್ನಾಟಕ ಉಚ್ಚ ನ್ಯಾಯಾಲಯ ೨೦೨೧ರಲ್ಲಿ ಈ ಬಗ್ಗೆ ತನ್ನದೇ ನಿಯಮಗಳನ್ನು ರಚಿಸಿತು. ಅದರ ಪ್ರಸಾರದಲ್ಲಿ ಒಂದೊಂದು ನ್ಯಾಯಸಭಾಂಗಣಕ್ಕೂ ಪ್ರತ್ಯೇಕ ವಾಹಿನಿಯಿದ್ದು, ನೋಡುವವನು ತನಗೆ ಬೇಕಾದ ಬಾಗಿಲನ್ನು ತಾನೇ ತೆರೆಯುತ್ತಾನೆ. ನ್ಯಾಯಾಲಯಕ್ಕೆ ಇದೇ ಸರಿ. ಯಾವ ಮೊಕದ್ದಮೆ ಹೆಚ್ಚು ನೋಡತಕ್ಕದ್ದೆಂದು ಹೇಳುವ ಅಧಿಕಾರ ಯಾವ ನಿರ್ವಾಹಕನಿಗೂ ಸಲ್ಲದು. ವಿಚಾರಸಂಕಿರಣದಲ್ಲಿಯೂ ಹೊರಹೋಗುವ ಮಾರ್ಗ ಸಾಕಷ್ಟು ಅಗಲವಾಗಿದ್ದರೆ ಸಮಾನಾಂತರ ಗೋಷ್ಠಿಗಳನ್ನು ಹೀಗೆಯೇ ಬಿಡಿಬಿಡಿಯಾಗಿ ಕೊಡುವುದು ಮೇಲೆಂಬುದು ನನ್ನ ಅಭಿಪ್ರಾಯ. ಕೂಡಿಸುವಿಕೆಯನ್ನು ಉದ್ಘಾಟನೆ, ಸಮಾರೋಪ, ಮತ್ತು ಎಲ್ಲ ಕೊಠಡಿಗಳೂ ಪಾಲ್ಗೊಳ್ಳುವ ಚರ್ಚೆಗಳಿಗೆ ಮೀಸಲಿಡಬಹುದು. ಅದೇ ಉಚ್ಚ ನ್ಯಾಯಾಲಯವು ೨೦೨೩ರ ಡಿಸೆಂಬರಿನಲ್ಲಿ ಅಪರಿಚಿತರು ದೃಶ್ಯಸಂಪರ್ಕದೊಳಗೆ ನುಸುಳಿ ಅಶ್ಲೀಲ ಚಿತ್ರಗಳನ್ನು ತೋರಿಸಿದುದರಿಂದ ಆ ಸೌಲಭ್ಯವನ್ನೂ ನೇರಪ್ರಸಾರವನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ದೂರದಿಂದ ಮಾತನಾಡಲು ಬರುವವರನ್ನು ಮೊದಲು ಹೊರಜಗಲಿಯಲ್ಲಿ ಕಾಯಿಸಿ, ಹೆಸರು ಮುಖಗಳನ್ನು ನೋಡಿ ಒಳಗೆ ಬಿಡುವ ಒಬ್ಬರು ಬೇಕೇಬೇಕು. ಆ ಒಬ್ಬರು ದೃಶ್ಯ ಬದಲಿಸುವವರೇ ಆಗಿರಕೂಡದು.

೪

ಕೊನೆಗೆ ದಾಖಲೆ. ಇದಕ್ಕೆ ತಗಲುವ ವೆಚ್ಚ ಅಲ್ಪ. ಸೆಕೆಂಡಿಗೆ ೪ ಮೆಗಾಬಿಟ್ಟಿನಂತೆ ಆರು ಗಂಟೆಗಳ ಒಂದು ಕೊಠಡಿಯ ಚಿತ್ರಕ್ಕೆ ೧೧ ಗಿಗಾಬೈಟಿಗಿಂತ ತುಸು ಕಡಿಮೆ. ನಾಲ್ಕು ಕೊಠಡಿಗಳಿಗೆ ೪೩ರಷ್ಟು. ಎರಡು ದಿನಗಳ ಸಂಕಿರಣವು ನೂರು ಗಿಗಾಬೈಟಿನೊಳಗೆ ಅಡಗುತ್ತದೆ. ಅತಿಥಿಗಳಿಗೆ ಕೊಡುವ ಒಂದು ಶಾಲು ಹಾರದ ವೆಚ್ಚದಲ್ಲಿ ಇಷ್ಟನ್ನು ಉಳಿಸಿಕೊಳ್ಳಬಹುದು.

ಕೊಠಡಿಯ ಗಣಕಯಂತ್ರವು ಚಿತ್ರವನ್ನು ನಿಯಂತ್ರಣ ಕೊಠಡಿಗೆ ಕಳುಹಿಸುವುದರ ಜೊತೆಗೆ ತನ್ನಲ್ಲಿಯೂ ದಾಖಲಿಸುವಂತೆ ಹೊಂದಿಸುವುದೇ ಮೊದಲ ಉಪಾಯ. ಹೀಗೆ ಮಾಡಿದರೆ ತಂತಿ ಕಡಿದರೂ ಆ ಕೊಠಡಿಯ ದಾಖಲೆ ಕಡಿಯುವುದಿಲ್ಲ. ಕ್ಯಾಮೆರಾದೊಳಗಿನ ಸ್ಮೃತಿಫಲಕವೂ ಆದೀತು, ಆದರೆ ಹಲವು ಸ್ಥಿರಚಿತ್ರ ಕ್ಯಾಮೆರಾಗಳು ಅರ್ಧ ಗಂಟೆ ತುಂಬುವ ಮೊದಲೇ ದಾಖಲೆಯನ್ನು ತಾವಾಗಿ ನಿಲ್ಲಿಸಿಬಿಡುತ್ತವೆ. ಇದನ್ನು ಮುಂಚೆಯೇ ಪರೀಕ್ಷಿಸಬೇಕು. ನಿಯಂತ್ರಣ ಕೊಠಡಿಯ ಓ.ಬಿ.ಎಸ್. ಆರು ಧ್ವನಿಪಥಗಳನ್ನು ಬೇರೆಬೇರೆಯಾಗಿ ದಾಖಲಿಸಬಲ್ಲದು: ಮೊದಲನೆಯದರಲ್ಲಿ ಪ್ರಸಾರದ ಮಿಶ್ರಣ, ಮುಂದಿನ ನಾಲ್ಕರಲ್ಲಿ ನಾಲ್ಕು ಕೊಠಡಿಗಳ ಧ್ವನಿ. ಪರದೆಯಲ್ಲಿ ಕಾಣದ ಕೊಠಡಿಯೂ ಹೀಗೆ ಕೇಳುವಂತೆ ಉಳಿಯುತ್ತದೆ. ದಾಖಲೆಯ ರೂಪವನ್ನು ಎಂ.ಕೆ.ವಿ. ಎಂದು ಆರಿಸಿಕೊಂಡರೆ ನಡುವೆ ವಿದ್ಯುತ್ತು ಹೋದಾಗ ಅದುವರೆಗಿನ ಭಾಗ ಉಳಿಯುತ್ತದೆ, ಸಾಮಾನ್ಯ ಎಂ.ಪಿ.-೪ರಲ್ಲಿ ಕಡತ ಮುಚ್ಚದಿದ್ದರೆ ಪೂರ್ತಿ ಹೋಗುವ ಅಪಾಯವುಂಟು. ಸಾರ್ವಜನಿಕ ವಾಹಿನಿಯಲ್ಲಿ ಪ್ರತಿಯಿರುತ್ತದೆಂದು ನೆಚ್ಚುವುದು ಸಲ್ಲದು. ಯೂಟ್ಯೂಬ್ ಹನ್ನೆರಡು ಗಂಟೆ ಮೀರಿದ ಪ್ರಸಾರವನ್ನು ತಾನಾಗಿ ಉಳಿಸಿಕೊಳ್ಳುವುದಿಲ್ಲ. ಪ್ರಾರ್ಥನೆಗೆಂದು ಹಾಕಿದ ಮುದ್ರಿತ ಗೀತೆಯ ಹಕ್ಕುದಾರರ ನೆಪದಲ್ಲಿ ಧ್ವನಿಯನ್ನು ಮುಚ್ಚುವುದೂ ಉಂಟು.

ಬೇರೆಬೇರೆ ದಾಖಲೆಗಳನ್ನು ಮುಂದೊಮ್ಮೆ ಹೊಂದಿಸಿ ನೋಡಬೇಕಾದರೆ ಅವುಗಳಿಗೆ ಸಮಾನವಾದ ಕಾಲಮಾನ ಬೇಕು. ಎಲ್ಲ ಗಣಕಯಂತ್ರಗಳ ಗಡಿಯಾರವನ್ನೂ ಅಂತರ್ಜಾಲದ ಕಾಲಸೇವೆಗೆ ಹೊಂದಿಸುವುದು ಒಂದು. ಅಷ್ಟು ಸಾಲದು, ಯಂತ್ರದೊಳಗಿನ ಹರಳಿನ ಗಡಿಯಾರ ಹತ್ತು ಲಕ್ಷಕ್ಕೆ ಐವತ್ತರಷ್ಟು ತಪ್ಪಿದರೂ ಗಂಟೆಗೆ ೦.೧೮ ಸೆಕೆಂಡು, ಆರು ಗಂಟೆಗಳಿಗೆ ಒಂದು ಸೆಕೆಂಡಿಗೂ ಹೆಚ್ಚು ಅಂತರವಾಗುತ್ತದೆ. ತುಟಿಗೂ ಮಾತಿಗೂ ಇರುವ ಮಿತಿ ೧೨೫ ಮಿಲಿಸೆಕೆಂಡು ಎಂಬುದನ್ನು ಮೇಲೆ ನೋಡಿದೆವು. ಆದುದರಿಂದ ಪ್ರತಿ ಗೋಷ್ಠಿಯ ಆರಂಭದಲ್ಲಿಯೂ ಅಂತ್ಯದಲ್ಲಿಯೂ ಎಲ್ಲ ಕೊಠಡಿಗಳಿಗೂ ಒಂದೇ ಸಂಜ್ಞಾಶಬ್ದವನ್ನು ನಿಯಂತ್ರಣ ಕೊಠಡಿಯಿಂದ ಕಳುಹಿಸಿದರೆ, ಮುಂದೆ ಹೊಂದಿಸುವವರಿಗೆ ಎರಡು ಗೂಟಗಳು ನೆಟ್ಟಂತಾಗುತ್ತವೆ.

ಇದರೊಡನೆ ಒಂದು ಕಾಗದವೂ ಇರಬೇಕು. ಯಾವ ಗಳಿಗೆಯಲ್ಲಿ ಯಾವ ಕೊಠಡಿಗೆ ಬದಲಿಸಲಾಯಿತು, ಏಕೆ (ಪ್ರಶ್ನೆ ಬಂದುದರಿಂದಲೋ, ತಂತಿ ಸಡಿಲವಾದುದರಿಂದಲೋ, ಮಂತ್ರಿಗಳು ಬಂದುದರಿಂದಲೋ) ಎಂಬುದನ್ನು ದೃಶ್ಯ ಬದಲಿಸುವವನ ಪಕ್ಕದಲ್ಲಿ ಕುಳಿತ ವಿದ್ಯಾರ್ಥಿಯೊಬ್ಬ ಬರೆದುಕೊಳ್ಳಲಿ. ಇತಿಹಾಸ ವಿಭಾಗದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ದೊರೆಯದು. ಮಾತನಾಡಿದವರಿಂದಲೂ, ಪ್ರಶ್ನೆ ಕೇಳಿದವರಿಂದಲೂ, ಪ್ರತ್ಯೇಕ ಕೊಠಡಿಯ ದಾಖಲೆಯನ್ನು ಇಟ್ಟುಕೊಳ್ಳಲು ಅನುಮತಿಯನ್ನು ಮುಂಚೆಯೇ ಪಡೆಯಬೇಕು. ವಿರಾಮದಲ್ಲಿ ಮೈಕು ತೆರೆದಿದ್ದಾಗ ಬಿದ್ದ ಖಾಸಗಿ ಮಾತುಗಳನ್ನು ತೆಗೆದುಹಾಕತಕ್ಕದ್ದು, ತೆಗೆದದ್ದನ್ನು ಆ ಕಾಗದದಲ್ಲಿ ಗುರುತಿಸತಕ್ಕದ್ದು. ಬಳಿಕ ದಿನಾಂಕ, ಕೊಠಡಿ, ಗೋಷ್ಠಿಯ ಸಂಖ್ಯೆಗಳನ್ನು ಹೆಸರಿನಲ್ಲಿಯೇ ಹೊತ್ತ ಕಡತಗಳ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ವಿಭಾಗದಲ್ಲಿಯೂ ಇನ್ನೊಂದನ್ನು ಗ್ರಂಥಾಲಯದಲ್ಲಿಯೂ ಇರಿಸಿ, ಗ್ರಂಥಾಲಯದ ಪರಿಗ್ರಹಣ ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆಯನ್ನು ಕೊಡಿಸಬೇಕು. ಸಂಖ್ಯೆಯಿಲ್ಲದ ತಟ್ಟೆಯನ್ನು ಮುಂದಿನ ವರ್ಷದ ಸಂಘಟಕರು ಖಾಲಿಯೆಂದು ಭಾವಿಸುತ್ತಾರೆ.